ಮನೆಯೊಳಗಿನ ದಾರಿ

ನಡೆಯುವುದಕ್ಕೂ ಹಣ ತೆರಬೇಕಾದ ದಿನ ನಮ್ಮ ಮನೆಗೆ ಬಂದೀತೆಂದು ನಾವು ಎಂದೂ ಎಣಿಸಿರಲಿಲ್ಲ. ಮಲೆನಾಡಿನಲ್ಲಿ ಹುಟ್ಟಿ, ಶಾಲೆಗೆ ಹೋಗಿ ಬರುವುದಕ್ಕಾಗಿ ದಿನಕ್ಕೆರಡು ಸಲ ಗುಡ್ಡವನ್ನು ಹತ್ತಿಳಿದು ಬೆಳೆದವರಿಗೆ, ಇದ್ದಲ್ಲಿಯೇ ಇದ್ದುಕೊಂಡು ನಡೆಯತಕ್ಕ ಯಂತ್ರವೊಂದನ್ನು ಸಾವಿರಾರು ರೂಪಾಯಿ ಕೊಟ್ಟು ತರುವುದೆಂದರೆ ವಿನೋದವಾಗಿಯೇ ತೋರುತ್ತದೆ. ವಾಚಕರೂ ನಗಬಹುದು; ನಾವೂ ಮೊದಲು ನಕ್ಕವರೇ. ಆದರೂ ಅಗ್ಗದ ಬೆಲೆಯ, ಮಡಿಸಿಡಬಹುದಾದ ಒಂದು ಟ್ರೆಡ್‌ಮಿಲ್ಲನ್ನು ಆರಿಸುವ ಕೆಲಸದಲ್ಲಿ ನಾವು ಪಟ್ಟ ಪಾಡೂ, ಕಲಿತ ಪಾಠವೂ ಇತರ ಗೃಹಸ್ಥರಿಗೆ ಉಪಯೋಗವಾಗಬಹುದೆಂದು ತೋರಿದುದರಿಂದ ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ನಮ್ಮ ಊರು ಸಾಗರ. ಶಿವಮೊಗ್ಗೆಯಿಂದ ಜೋಗಕ್ಕೆ ಹೋಗುವ ದಾರಿಯಲ್ಲಿರುವುದು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವವರೆಗೆ ಇಲ್ಲಿ ಮನಸಾರೆ ಬಿಡುವ ಮಾತಿಲ್ಲ. ನಮ್ಮ ಗೃಹಿಣಿಗೆ ಐದು ವರುಷಗಳ ಹಿಂದೆ ಮಧುಮೇಹ ಕಾಣಿಸಿಕೊಂಡಿತು. ವೈದ್ಯರು ಗುಳಿಗೆಗಳೊಂದಿಗೆ ನಡಿಗೆಯನ್ನೂ ಔಷಧವೆಂದೇ ಬರೆದುಕೊಟ್ಟರು: ವಾರಕ್ಕೆ 150 ನಿಮಿಷಕ್ಕೆ ಕಡಿಮೆಯಾಗದಂತೆ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ, ಸ್ವಲ್ಪ ಬಿರುಸಾಗಿ. ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ವಯಸ್ಕರೆಲ್ಲರಿಗೂ ಗೊತ್ತುಪಡಿಸಿರುವ ಕನಿಷ್ಠ ಪ್ರಮಾಣವೂ ಇದೇ ಆಗಿದೆ. ನಡೆಯುವಾಗ ಕಾಲಿನ ದೊಡ್ಡ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಸೌದೆಯಂತೆ ಉರಿಸಿಕೊಳ್ಳುತ್ತವೆ. ಊಟವಾದ ತರುವಾಯ ಹತ್ತು ಹದಿನೈದು ನಿಮಿಷ ನಡೆದರೂ ಏರತಕ್ಕ ಸಕ್ಕರೆ ಅಷ್ಟು ಏರದೆಂದು ವೈದ್ಯರು ವಿವರಿಸಿದರು.

ಎರಡು ವರುಷ ಈ ವ್ರತ ಚೆನ್ನಾಗಿಯೇ ನಡೆಯಿತು. ಬೆಳಗಿನ ಕಾಫಿಯಾದೊಡನೆ ನಾವಿಬ್ಬರೂ ಗಣಪತಿ ಕೆರೆಯ ಕಡೆಗೆ ಹೋಗಿ ಬರುತ್ತಿದ್ದೆವು. ಆ ಮುಂದಿನ ಶ್ರಾವಣದಲ್ಲಿ ಅವರು ಹಿತ್ತಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದು, ಮೂರು ವಾರ ಹಾಸಿಗೆ ಹಿಡಿದರು. ಎಲುಬು ಮುರಿದಿರಲಿಲ್ಲ, ಎಣ್ಣೆ ತಿಕ್ಕಿ, ಶಾಖ ಕೊಟ್ಟು ವಾಸಿಯಾಯಿತು. ಆದರೆ ನಡಿಗೆ ಮತ್ತೆ ಹಿಡಿತಕ್ಕೆ ಬರಲಿಲ್ಲ. ಮಳೆಗಾಲದಲ್ಲಿ ಮಳೆಯೆಂದರು, ಚಳಿಗಾಲದಲ್ಲಿ ಇಬ್ಬನಿಯೆಂದರು, ಬೇಸಗೆಯಲ್ಲಿ ಹಪ್ಪಳ ಸಂಡಿಗೆಯ ಕೆಲಸವೆಂದರು. ಕೆಲವು ದಿನ ಗೇಟಿನವರೆಗೆ ಬಂದು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತೆಂದು ಹಿಂದಿರುಗಿದ್ದೂ ಉಂಟು. ನಾವು ಅದನ್ನು ಸೋಮಾರಿತನವೆಂದೇ ತಿಳಿದೆವು. ತಿಳಿದುದು ಮಾತ್ರವಲ್ಲ, ಒಂದೆರಡು ಸಲ ಬಾಯಿಬಿಟ್ಟು ಅಂದೂ ಬಿಟ್ಟೆವು. ಕಳೆದ ವರುಷದ ಮೇ ತಿಂಗಳಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸಲಾಗಿ, ಹಿಂದೆ ಶೇಕಡ 7ರ ಹತ್ತಿರವಿದ್ದುದು 8.6ಕ್ಕೆ ಏರಿತ್ತು. ವೈದ್ಯರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, “ಹೀಗೇ ಆದರೆ ಮುಂದಿನ ಸಲ ಸೂಜಿಯ ಮಾತಾಡಬೇಕಾಗುತ್ತದೆ” ಎಂದರು.

ಬೆಂಗಳೂರಿನಲ್ಲಿರುವ ನಮ್ಮ ಮಗಳು ಇದನ್ನು ಕೇಳಿದವಳೇ, “ಅಪ್ಪಯ್ಯ, ಮಳೆ ಹಿಡಿಯುವ ಮೊದಲೇ ಒಂದು ಮಡಿಸುವ ಟ್ರೆಡ್‌ಮಿಲ್ ತಂದುಬಿಡಿ. ಅಮ್ಮನಿಗೆ ನೆಪವೇ ಉಳಿಯುವುದಿಲ್ಲ” ಎಂದಳು. ನೆಪವನ್ನು ಮುರಿಯುವ ಆಯುಧ ದೊರೆಯಿತೆಂದು ನಮಗೂ ಹುರುಪು ಬಂದಿತು.

ಯಾವ ವಸ್ತುವನ್ನು ಕೊಳ್ಳುವುದಕ್ಕೂ ಮುಂಚೆ ಅದರ ಪೂರ್ವೋತ್ತರವನ್ನು ವಿಚಾರಿಸುವ ಚಾಳಿ ನಮ್ಮದು. ವಿಚಾರಿಸಲಾಗಿ ಈ ಯಂತ್ರದ ಕುಲ ಅಷ್ಟೇನೂ ಘನವಾದುದಲ್ಲವೆಂದು ಕಂಡುಬಂದಿತು. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲೆಂಡಿನ ಎಂಜಿನಿಯರು ಸೆರೆಮನೆಯ ಕೈದಿಗಳಿಗಾಗಿ ಮೆಟ್ಟಿಲುಗಳುಳ್ಳ ದೊಡ್ಡ ಚಕ್ರವನ್ನು ಕಲ್ಪಿಸಿದನು. ಕೈದಿಗಳು ಗಂಟೆಗಟ್ಟಲೆ ಅದನ್ನು ಹತ್ತುತ್ತಲೇ ಇರಬೇಕು; ಮೇಲಕ್ಕೆ ಮಾತ್ರ ಎಂದಿಗೂ ತಲಪುವಂತಿಲ್ಲ. ಕೆಲವೆಡೆ ಅದರಿಂದ ಧಾನ್ಯ ಬೀಸುತ್ತಿದ್ದರು. ಕೆಲವೆಡೆ ಚಕ್ರ ಬರಿದೇ ತಿರುಗುತ್ತಿತ್ತು. ಬ್ರಿಟನ್ನಿನ 1898ರ ಕಾಯಿದೆಯ ತರುವಾಯ ಆ ಶಿಕ್ಷೆ ನಿಂತುಹೋಯಿತು. 1960ರ ದಶಕದಲ್ಲಿ ರಾಬರ್ಟ್ ಬ್ರೂಸ್ ಎಂಬ ಅಮೆರಿಕದ ಹೃದಯವೈದ್ಯರು ರೋಗಿಗಳನ್ನು ಚಲಿಸುವ ಪಟ್ಟಿಯ ಮೇಲೆ ನಡೆಯಿಸಿ ಹೃದಯವನ್ನು ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದರು. ಅವರ ಹೆಸರಿನ ಆ ಕ್ರಮ ಇಂದಿಗೂ ಆಸ್ಪತ್ರೆಗಳಲ್ಲಿದೆ. ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಲಾಗಿ ನಮ್ಮ ಗೃಹಿಣಿ, “ಅಂತೂ ಸೆರೆಮನೆಯ ಶಿಕ್ಷೆಯನ್ನೇ ನನಗೆ ಗೊತ್ತುಮಾಡಿದಿರಿ” ಎಂದು ನಕ್ಕರು.

ಅನುಭವಸ್ಥರನ್ನು ಕೇಳೋಣವೆಂದು ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರ ಮನೆಗೆ ಹೋದೆವು. ಅವರು ನಾಲ್ಕು ವರುಷಗಳ ಹಿಂದೆಯೇ ಅಂಥದೊಂದನ್ನು ಕೊಂಡಿದ್ದರು. ಜಗಲಿಯ ಮೂಲೆಯಲ್ಲಿ ಅದು ನಿಂತಿತ್ತು. ಆದರೆ ಎರಡು ಪಂಚೆ, ಒಂದು ಸೀರೆ, ಮೊಮ್ಮಗನ ಮೂರು ಅಂಗಿಗಳು ಅದರ ಮೇಲೆ ಒಣಗುತ್ತಿದ್ದುದರಿಂದ ಒಮ್ಮೆಗೇ ಗುರುತು ಹತ್ತಲಿಲ್ಲ. ವಾರಗಟ್ಟಲೆ ಬಟ್ಟೆ ಒಣಗದ ನಮ್ಮ ಸೀಮೆಯಲ್ಲಿ ಇದೂ ಒಂದು ಸದುಪಯೋಗವೆಂದೇ ಹೇಳಬೇಕು. “ಎಂಟು ತಿಂಗಳು ನಡೆದೆ, ಮೋಟಾರು ಸುಟ್ಟುಹೋಯಿತು” ಎಂದರು. ಬೆಲ್ಟಿನ ಕೆಳಗೆ ಎಣ್ಣೆ ಹಾಕುತ್ತಿದ್ದಿರೋ ಎಂದು ಕೇಳಲಾಗಿ, “ಅದಕ್ಕೆ ಎಣ್ಣೆ ಬೇರೆ ಹಾಕಬೇಕೇ?” ಎಂದು ಅವರೇ ನಮ್ಮನ್ನು ಕೇಳಿದರು. ಬೆಲ್ಟು ಒಂದು ಹಲಗೆಯ ಮೇಲೆ ಜಾರುತ್ತಿರುತ್ತದೆ. ಎರಡರ ನಡುವೆ ಸಿಲಿಕೋನ್ ಎಣ್ಣೆಯ ಪಸೆ ಆರಿದರೆ ತಿಕ್ಕಾಟ ಹೆಚ್ಚಿ, ಅದನ್ನೆಳೆಯುವ ಹೊರೆಯೆಲ್ಲ ಮೋಟಾರಿನ ಮೇಲೆ ಬೀಳುತ್ತದೆ. ಅಗ್ಗದ ಯಂತ್ರಗಳು ಬೇಗ ಕೆಡುವುದಕ್ಕೆ ಅವುಗಳ ಅಗ್ಗತನ ಎಷ್ಟು ಕಾರಣವೋ, ಈ ಅಲಕ್ಷ್ಯವೂ ಅಷ್ಟೇ ಕಾರಣ.

ಇನ್ನು ಜಾಹೀರಾತುಗಳ ಮಾತು. ಹದಿನೈದು ಸಾವಿರದ ಆಸುಪಾಸಿನ ಒಂದು ಯಂತ್ರಕ್ಕೆ “4 ಅಶ್ವಶಕ್ತಿ” ಎಂದು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿದ್ದರು. ಅದಕ್ಕೆ ಮನೆಯ ಸಾಮಾನ್ಯ 6 ಆಂಪಿಯರ್ ಪ್ಲಗ್ಗು ಸಾಕೆಂದೂ ಅಲ್ಲಿಯೇ ಹೇಳಿತ್ತು. ನಾವು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಒಂದು ಅಶ್ವಶಕ್ತಿಗೆ 746 ವಾಟ್. ನಾಲ್ಕಕ್ಕೆ 2,984 ವಾಟ್. ನಮ್ಮ ಮನೆಗಳ ವಿದ್ಯುತ್ತು 230 ವೋಲ್ಟ್. ಆರು ಆಂಪಿಯರಿಗೆ 1,380 ವಾಟ್. ಅಂದರೆ ಆ ಪ್ಲಗ್ಗು ಎಡೆಬಿಡದೆ ಒದಗಿಸಬಲ್ಲುದು ಎರಡು ಅಶ್ವಶಕ್ತಿಗಿಂತಲೂ ಕಡಿಮೆ. ಉಳಿದ ಕುದುರೆಗಳೆಲ್ಲಿಂದ ಬಂದವು? ವಿಚಾರಿಸಲಾಗಿ, ಅದು ಕ್ಷಣಮಾತ್ರದ ಗರಿಷ್ಠ ಬಲವೆಂದೂ, ನಿರಂತರವಾಗಿ ದುಡಿಯುವ ಬಲ ಬೇರೆಯೆಂದೂ ಗೊತ್ತಾಯಿತು. ಕೊಳ್ಳುವವರು ಕೇಳತಕ್ಕದ್ದು ಈ ಎರಡನೆಯದನ್ನೇ. ಮತ್ತೊಂದು ಸಂಗತಿ: ನಿಧಾನವಾಗಿ ನಡೆಯುವವರಿಗೆ ಎಂಥ ಸಣ್ಣ ಮೋಟಾರಾದರೂ ಸಾಕೆಂದು ನಾವು ಭಾವಿಸಿದ್ದೆವು. ಹಾಗಲ್ಲ. ಅನೇಕ ಯಂತ್ರಗಳಲ್ಲಿ ಮೋಟಾರನ್ನು ತಣಿಸುವ ಬೀಸಣಿಗೆ ಅದರ ಅಚ್ಚಿಗೇ ಜೋಡಿಸಿರುತ್ತದೆ. ಮೋಟಾರು ಮೆಲ್ಲಗೆ ತಿರುಗಿದರೆ ಗಾಳಿಯೂ ಮೆಲ್ಲಗೆ ಬೀಸುತ್ತದೆ. ಹೊರೆ ಮಾತ್ರ ತಗ್ಗುವುದಿಲ್ಲ.

ವಿದ್ಯುತ್ತೇ ಬೇಡದ, ಕಾಲಿನಿಂದಲೇ ಬೆಲ್ಟನ್ನು ಹಿಂದಕ್ಕೆ ತಳ್ಳಬೇಕಾದ ಜಾತಿಯೂ ಒಂದುಂಟು. ಬೆಲೆ ಕಡಿಮೆ, ನಮ್ಮ ಮಳೆಗಾಲದ ಕರೆಂಟನ್ನು ಬಲ್ಲವರಿಗೆ ಆಸೆ ಹುಟ್ಟಿಸುವಂಥದು. ಆದರೆ ಅದರ ಹಲಗೆ ಏರುಮುಖವಾಗಿರುತ್ತದೆ. ಮುಂದೆ ಬಾಗಿ ಬಲವಾಗಿ ತುಳಿದ ಹೊರತು ಬೆಲ್ಟು ಕದಲದು. ಅರುವತ್ತು ದಾಟಿದವರ ಮೊಣಕಾಲಿಗೆ ಅದು ಹೇಳಿಸಿದ್ದಲ್ಲ. ಹಿಡಿಕೆಗಳೇ ಇಲ್ಲದೆ ಮಂಚದ ಕೆಳಗೆ ಸರಿಸಿಬಿಡಬಹುದಾದ ತೆಳ್ಳನೆಯದೊಂದು ನಮ್ಮ ಮನಸ್ಸನ್ನು ಬಹಳ ಸೆಳೆಯಿತು. ಜಾಗ ಉಳಿಯುತ್ತದೆ, ಹಣ ಉಳಿಯುತ್ತದೆ. ಅದನ್ನೇ ಕೊಳ್ಳುವುದೆಂದು ನಾವು ಮನಸ್ಸಿನಲ್ಲಿ ನಿಶ್ಚಯಿಸಿಯೂ ಬಿಟ್ಟೆವು. ಹಣ ಕಳುಹಿಸುವುದೊಂದೇ ಬಾಕಿ. ಆ ವಾರ ಶಿವಮೊಗ್ಗೆಯಲ್ಲಿ ಒಂದು ಮದುವೆಯಿದ್ದಿತು. ಹೇಗೂ 70 ಕಿಲೋಮೀಟರು ಹೋಗುತ್ತೇವಲ್ಲ, ಕಣ್ಣಾರೆ ನೋಡಿಕೊಂಡು ಬರೋಣವೆಂದು ಇಬ್ಬರೂ ಅಂಗಡಿಯೊಂದಕ್ಕೆ ಹೋದೆವು.

ಅಂಗಡಿಯ ಹುಡುಗ ಸಭ್ಯನಾಗಿದ್ದನು. ತೆಳ್ಳನೆಯ ಯಂತ್ರವನ್ನು ನೆಲದ ಮೇಲೆ ಹಾಸಿ, “ಅಮ್ಮ, ಹತ್ತಿ ನೋಡಿ” ಎಂದನು. ನಮ್ಮ ಗೃಹಿಣಿ ಹತ್ತಲಿಲ್ಲ. ಎರಡು ಸಲ ಒಂದು ಕಾಲನ್ನು ಮುಂದಿಟ್ಟು ಹಿಂದೆಗೆದುಕೊಂಡರು. ನಾವು ನಾಲ್ಕು ಜನರ ಮುಂದೆ ಇದೇನು ಸಂಕೋಚವೆಂದು ಕೊಂಚ ಬೇಸರದಿಂದಲೇ, “ಹತ್ತು, ಏನೂ ಆಗುವುದಿಲ್ಲ” ಎಂದೆವು. ಹುಡುಗನು ನಮಗಿಂತ ಸೂಕ್ಷ್ಮನು. ಪಕ್ಕದಲ್ಲಿದ್ದ, ಎರಡು ಕಡೆಯೂ ಉದ್ದನೆಯ ಹಿಡಿಕೆಗಳಿದ್ದ ಬೇರೊಂದು ಯಂತ್ರವನ್ನು ತೋರಿಸಿದನು. ಅವರು ಹಿಡಿಕೆಗಳನ್ನು ಹಿಡಿದು ಹತ್ತಿದರು. ಗಂಟೆಗೆ ಒಂದು ಕಿಲೋಮೀಟರಿನ ವೇಗದಲ್ಲಿ ಬೆಲ್ಟು ಹೊರಟಿತು. ಅವರ ಕೈಗಳನ್ನು ನಾವು ನೋಡಿದೆವು. ಬೆರಳಿನ ಗಿಣ್ಣುಗಳು ಬಿಳಿಚಿಕೊಂಡಿದ್ದವು. ಕಣ್ಣು ಮುಚ್ಚಿದ್ದವು.

ಇಳಿದ ಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ನೀರು ಕುಡಿದರು. ಆಮೇಲೆ ನಮ್ಮ ಕಡೆಗೆ ನೋಡದೆಯೇ, “ಮೆಟ್ಟಿಲ ಮೇಲೆ ಜಾರಿದ ದಿನದಿಂದ ನನಗೆ ನೆಲದ ಮೇಲೇ ನಂಬಿಕೆಯಿಲ್ಲ. ಗೇಟು ದಾಟಿದರೆ ಕಾಲು ನಡುಗುತ್ತದೆ. ಹೇಳಿದರೆ ನೀವು ನಗುತ್ತೀರೆಂದು ಹೇಳಲಿಲ್ಲ” ಎಂದರು.

ನಾವು ಏನೂ ಹೇಳಲಾರದೆ ಹೋದೆವು. ಮಳೆಯಲ್ಲ, ಇಬ್ಬನಿಯಲ್ಲ, ಹಪ್ಪಳವಲ್ಲ. ಒಲೆಯ ಮೇಲೆ ಹಾಲನ್ನೂ ಇಟ್ಟಿರಲಿಲ್ಲ. ಎಲುಬು ಮುರಿಯಲಿಲ್ಲವೆಂದು ನಾವು ಮರೆತುಬಿಟ್ಟ ಆ ಬೀಳುವಿಕೆಯನ್ನು ಅವರು ಎರಡು ವರುಷ ಒಬ್ಬರೇ ಹೊತ್ತುಕೊಂಡಿದ್ದರು. ಅದರ ಮೇಲೆ ನಾವು ಸೋಮಾರಿತನದ ಮಾತನ್ನೂ ಹೇರಿದ್ದೆವು. ಅಶ್ವಶಕ್ತಿಯ ಲೆಕ್ಕವನ್ನು ವಾಟಿನವರೆಗೆ ಇಳಿಸಿ ಹಿಡಿದವರಿಗೆ ಮನೆಯೊಳಗಿನ ಈ ಲೆಕ್ಕ ಹತ್ತಿರಲಿಲ್ಲ.

ಅಂದು ಏನನ್ನೂ ಕೊಳ್ಳದೆ ಊರಿಗೆ ಬಂದೆವು. ಮೊದಲು ವೈದ್ಯರ ಬಳಿಗೆ ಹೋಗಿ ಇದ್ದುದನ್ನು ಇದ್ದಂತೆ ತಿಳಿಸಿದೆವು. ಮಧುಮೇಹ ಬಹುಕಾಲ ಹತೋಟಿ ತಪ್ಪಿದರೆ ಅಂಗಾಲಿನ ಸ್ಪರ್ಶಜ್ಞಾನ ಕುಂದುವುದುಂಟು, ಆಗ ನೆಲ ಕಾಲಿಗೆ ಸರಿಯಾಗಿ ತಿಳಿಯದೆ ತೂಕ ತಪ್ಪುತ್ತದೆ, ಗಾಯವಾದರೂ ಅರಿವಾಗುವುದಿಲ್ಲ. ವೈದ್ಯರು ಸಣ್ಣ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ ಮುಟ್ಟಿ ಪರೀಕ್ಷಿಸಿದರು. ಸ್ಪರ್ಶ ಚೆನ್ನಾಗಿತ್ತು. ಹೃದಯವನ್ನೂ, ರಕ್ತದ ಒತ್ತಡವನ್ನೂ ನೋಡಿದರು. “ಕಾಲಿಗೆ ಏನೂ ಆಗಿಲ್ಲ, ಧೈರ್ಯ ಬರಬೇಕು. ಹಿಡಿದುಕೊಳ್ಳಲು ಆಸರೆಯಿರುವ ಯಂತ್ರವೇ ಆಗಲಿ. ಬರಿಗಾಲಿನಲ್ಲಿ ಮಾತ್ರ ಕೂಡದು, ಬೂಟು ಹಾಕಿಯೇ ನಡೆಯಿರಿ” ಎಂದರು. ಮಧುಮೇಹದವರಿಗೆ ಯಂತ್ರ ಕೊಳ್ಳುವವರು ಅಂಗಡಿಗಿಂತ ಮುಂಚೆ ಈ ಬಾಗಿಲಿಗೆ ಹೋಗುವುದು ಲೇಸು.

ಅಲ್ಲಿಂದ ಮುಂದೆ ನಮ್ಮ ಪಟ್ಟಿಯೇ ಬದಲಾಯಿತು. ಹಾಡು ಹೇಳುವುದೇ, ಗುಡ್ಡದಂತೆ ಏರುವುದೇ, ಗಂಟೆಗೆ ಎಷ್ಟು ವೇಗ ಓಡುವುದೇ ಎಂಬುವನ್ನೆಲ್ಲ ಹೊಡೆದು ಹಾಕಿದೆವು. ಹಿಡಿಕೆಗಳು ಉದ್ದವಾಗಿರಬೇಕು, ಹಿಡಿದಾಗ ಅಲುಗಾಡಕೂಡದು. ಬೆಲ್ಟು ಒಂದು ಕಿಲೋಮೀಟರಿಗಿಂತ ಹೆಚ್ಚಲ್ಲದ ವೇಗದಲ್ಲಿ ಹೊರಡಬೇಕು. ಹಲಗೆ ನೆಲಕ್ಕೆ ಹತ್ತಿರವಿರಬೇಕು. ನಿಲ್ಲಿಸುವ ಗುಂಡಿ ದೊಡ್ಡದಾಗಿ, ಕನ್ನಡಕವಿಲ್ಲದೆಯೂ ಕಾಣಬೇಕು. ಬಟ್ಟೆಗೆ ಸಿಕ್ಕಿಸಿಕೊಳ್ಳುವ ದಾರವೂ ಅದರ ತುದಿಯ ಕೀಲಿಯೂ ಇರಲೇಬೇಕು. ನಡೆಯುವವರು ಹಿಂದೆ ಸರಿದರೆ ದಾರ ಕೀಲಿಯನ್ನೆಳೆದು ಯಂತ್ರ ನಿಲ್ಲುತ್ತದೆ. ಇಷ್ಟಿದ್ದ ಮೇಲೆ ಉಳಿದ ಅಳತೆಗಳು.

ಎರಡನೆಯ ಸಲ ಹೋಗಿ ತಂದ ಯಂತ್ರಕ್ಕೆ 24,500 ರೂಪಾಯಿ ಬಿದ್ದಿತು. ತೆಳ್ಳನೆಯದಕ್ಕಿಂತ ಸುಮಾರು ಹತ್ತು ಸಾವಿರ ಹೆಚ್ಚು. ಬೆಲ್ಟಿನ ಅಗಲ 42 ಸೆಂಟಿಮೀಟರು, ಉದ್ದ 115. ಓಡುವವರಿಗೆ ಇದು ಚಿಕ್ಕದು, ನಡೆಯುವವರಿಗೆ ಸಾಕು. 100 ಕಿಲೋ ತೂಕದವರನ್ನು ತಾಳುವುದೆಂದು ಬರೆದಿತ್ತು. ನಮ್ಮ ಗೃಹಿಣಿ 68 ಕಿಲೋ. ಹೇಳಿದ ತೂಕದ ಅಂಚಿನಲ್ಲಿರುವವರು ಇನ್ನೂ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳಬೇಕು. ಯಂತ್ರದ ಸ್ವಂತ ತೂಕ 42 ಕಿಲೋ. “ಮಡಿಸುವುದು” ಎಂದ ಮಾತ್ರಕ್ಕೆ ಎತ್ತಿಡಬಹುದೆಂದು ತಿಳಿಯಕೂಡದು. ಚಕ್ರಗಳಿವೆಯೇ, ಹಲಗೆಯನ್ನು ಇಳಿಸುವಾಗ ಧಡಾರನೆ ಬೀಳದೆ ತಾನೇ ಮೆಲ್ಲಗೆ ಇಳಿಯುತ್ತದೆಯೇ ಎಂಬುದನ್ನು ಅಂಗಡಿಯಲ್ಲಿಯೇ, ಕೊಳ್ಳುವವರ ಕೈಯಿಂದಲೇ ಮಾಡಿ ನೋಡಬೇಕು. ಮೋಟಾರಿನ ಹೊಣೆ ಎಷ್ಟು ವರುಷ, ರಿಪೇರಿಯವನು ನಮ್ಮ ಊರಿಗೆ ಬರುವನೇ, ಬಂದರೆ ದಾರಿಯ ಖರ್ಚು ಯಾರದು ಎಂಬ ಮೂರನ್ನೂ ಬರೆಯಿಸಿಕೊಂಡೆವು.

ಅದು ಬರುವ ಹಿಂದಿನ ದಿನ ನಮ್ಮ ಗೃಹಿಣಿ ನಡುಮನೆಯಲ್ಲಿ ರಂಗೋಲಿಯ ಪುಡಿಯಿಂದ ಅದರ ಉದ್ದಗಲದ ಚೌಕ ಬರೆದು, ಅದನ್ನು ದಾಟಿ ದಾಟಿ ಓಡಾಡಿ ನೋಡಿದರು. ಹಿಂದೆ ಗೋಡೆ ತೀರ ಹತ್ತಿರವಾಯಿತೆಂದು ಚೌಕವನ್ನು ಅಳಿಸಿ ಮತ್ತೆ ಬರೆದರು. ಅದು ಸರಿಯಾದ ಮಾತೇ. ಯಂತ್ರದ ಹಿಂದೆ ಒಂದಾಳು ಉದ್ದದಷ್ಟು ಬಯಲು ಇರಬೇಕು. ಇಲ್ಲವಾದರೆ ಕಾಲು ತಪ್ಪಿದವರು ಬೆಲ್ಟಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುವ ಅಪಾಯವುಂಟು. ವಿದ್ಯುತ್ತಿನ ಕೆಲಸದವನನ್ನು ಕರೆಯಿಸಿ, ನೆಲಕ್ಕೆ ಸರಿಯಾಗಿ ಅರ್ಥಿಂಗ್ ಇರುವ 16 ಆಂಪಿಯರಿನ ಪ್ಲಗ್ಗನ್ನು ಹಾಕಿಸಿದೆವು. ಕರೆಂಟು ಹೋದರೆ ಬೆಲ್ಟು ಥಟ್ಟನೆ ನಿಲ್ಲುವುದರಿಂದ, ಗುಡುಗು ಸಿಡಿಲಿನ ಹೊತ್ತಿನಲ್ಲಿ ನಡೆಯಕೂಡದೆಂದು ನಿಯಮ ಮಾಡಿಕೊಂಡೆವು. ಮೊಮ್ಮಕ್ಕಳು ಬಂದಾಗ ಪ್ಲಗ್ಗು ಕಳಚಿ, ಕೀಲಿಯನ್ನು ದೇವರ ಗೂಡಿನಲ್ಲಿ ಇಡುತ್ತೇವೆ. ಮಕ್ಕಳ ಬೆರಳು ಬೆಲ್ಟಿಗೆ ಸಿಕ್ಕಿದರೆ ಚರ್ಮ ಸುಲಿದುಹೋಗುತ್ತದೆ.

ಸೀರೆಯ ಸೆರಗೂ ನೆರಿಗೆಯೂ ಬೆಲ್ಟಿಗೆ ಸಿಕ್ಕಬಹುದೆಂಬ ಯೋಚನೆ ನಮಗೆ ಹೊಳೆದೇ ಇರಲಿಲ್ಲ. ಅವರಿಗೇ ಹೊಳೆಯಿತು. ಮಗಳು ಬಿಟ್ಟುಹೋಗಿದ್ದ ಹಳೆಯ ಚೂಡಿದಾರವನ್ನು ಅರುವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ತೊಟ್ಟು, ಮುಂಬಾಗಿಲ ಅಗುಳಿ ಹಾಕಿಸಿ, ಯಂತ್ರವನ್ನು ಹತ್ತಿದರು. ಮೊದಲ ದಿನ ಮೂರು ನಿಮಿಷ. ನಾವು ಪಕ್ಕದಲ್ಲಿ ನಿಂತಿದ್ದೆವು, ಮಾತನಾಡಲಿಲ್ಲ. ವಾರ ಕಳೆಯುವುದರೊಳಗೆ ಊಟ ತಿಂಡಿಯ ತರುವಾಯ ಮೂರು ಹೊತ್ತೂ ಐದೈದು ನಿಮಿಷವಾಯಿತು. ಶ್ರಾವಣ ಮುಗಿಯುವಾಗ ಹೊತ್ತಿಗೆ ಹತ್ತರಂತೆ ದಿನಕ್ಕೆ ಅರ್ಧ ಗಂಟೆಯನ್ನು ಮುಟ್ಟಿದರು. ಒಂದು ಸಂಜೆ ಬಲಗೈ ಹಿಡಿಕೆಯನ್ನು ಬಿಟ್ಟಿತು. ನಾವು ಕಂಡೂ ಕಾಣದವರಂತೆ ಪತ್ರಿಕೆ ಓದುತ್ತಿದ್ದೆವು. ತಿಂಗಳಿಗೊಮ್ಮೆ ಬೆಲ್ಟನ್ನೆತ್ತಿ ಸಿಲಿಕೋನ್ ಎಣ್ಣೆ ಹಾಕುವ ಕೆಲಸ ನಮ್ಮದು. ಒಂದು ಸಲ ಅದು ಮುಗಿದಿತ್ತೆಂದು ತೆಂಗಿನೆಣ್ಣೆಯ ಬಟ್ಟಲನ್ನು ಹಿಡಿದು ಹೊರಟಿದ್ದೆವು. ಬೆಲ್ಟು ಹಾಳಾದೀತೆಂದು ಅವರೇ ತಡೆದು, ಕೈಪಿಡಿಯ ಪುಟವನ್ನು ತೆರೆದು ತೋರಿಸಿದರು.

ದೀಪಾವಳಿಯ ಹೊತ್ತಿಗೆ ಮಾಡಿಸಿದ ಪರೀಕ್ಷೆಯಲ್ಲಿ 8.6 ಇದ್ದುದು 7.4ಕ್ಕೆ ಇಳಿದಿತ್ತು. ಗುಳಿಗೆಯ ಪಾಲೂ, ಅನ್ನವನ್ನು ಕಡಿಮೆ ಮಾಡಿದುದರ ಪಾಲೂ ಅದರಲ್ಲುಂಟು. ಎಲ್ಲವನ್ನೂ ಯಂತ್ರಕ್ಕೆ ಕೊಡುವುದು ನ್ಯಾಯವಲ್ಲ. ಸೂಜಿಯ ಮಾತನ್ನು ಮಾತ್ರ ವೈದ್ಯರು ಎತ್ತಲಿಲ್ಲ. ಆ ಮುಂದಿನ ವಾರ, ನೆಲವೆಲ್ಲ ಒಣಗಿದ್ದ ಒಂದು ಬೆಳಗ್ಗೆ, ಕಾಫಿಯಾದ ಮೇಲೆ ಅವರೇ ಬೂಟು ಹಾಕಿಕೊಂಡು ಗೇಟಿನ ಬಳಿ ನಿಂತು, “ಬರುತ್ತೀರಾ?” ಎಂದು ಕೇಳಿದರು. ಕೆರೆಯವರೆಗೂ ಹೋಗಲಿಲ್ಲ, ಅರ್ಧ ದಾರಿಗೆ ಹಿಂದಿರುಗಿದೆವು. ಹೋಗುವಾಗಲೂ ಬರುವಾಗಲೂ ಅವರು ನಮ್ಮ ತೋಳನ್ನು ಹಿಡಿದಿದ್ದರು.

ಆದುದರಿಂದ ನಮ್ಮ ಅರಿಕೆ ಇಷ್ಟೇ. ಅಗ್ಗದ ಯಂತ್ರ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ; ಮಧ್ಯಮ ವರ್ಗದ ಮನೆಗೆ ಅದೇ ಉಚಿತ. ಬಲದ ಲೆಕ್ಕ, ಬೆಲ್ಟಿನ ಅಳತೆ, ಎಣ್ಣೆಯ ಕ್ರಮ ಇವೆಲ್ಲವನ್ನೂ ತಪ್ಪದೆ ನೋಡಿರಿ. ಆದರೆ ಯಾರಿಗಾಗಿ ಕೊಳ್ಳುತ್ತೀರೋ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಹತ್ತಿಸಿ, ಅವರ ಕೈಗಳನ್ನು ನೋಡಿರಿ. ಮನೆಯಲ್ಲಿ ಕುಳಿತು ನಾವೇ ಆರಿಸಿಬಿಟ್ಟಿದ್ದರೆ ಆ ತೆಳ್ಳನೆಯ ಯಂತ್ರ ಇಂದು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ನಾವು ಅದಕ್ಕೂ ಅವರ ಸೋಮಾರಿತನವನ್ನೇ ದೂರುತ್ತಿದ್ದೆವು.

ಈ ವರುಷದ ಮಳೆ ಮೊನ್ನೆ ಹಿಡಿಯಿತು. ಒದ್ದೆ ಪಂಚೆಯನ್ನು ಎಲ್ಲಿ ಹರವುವುದೆಂದು ತಿಳಿಯದೆ ನಾವು ಯಂತ್ರದ ಹಿಡಿಕೆಯ ಮೇಲೆ ಹಾಕಿದ್ದೆವು. ಸ್ನಾನ ಮುಗಿಸಿ ಬಂದು ನೋಡಿದರೆ ಪಂಚೆ ನಮ್ಮ ಕುರ್ಚಿಯ ಮೇಲೆ ಬಿದ್ದಿತ್ತು. ನಡುಮನೆಯಿಂದ ನಡಿಗೆಯ ಸದ್ದು ಕೇಳಿಸುತ್ತಿತ್ತು.